ಸಂಖ್ಯೆಗಳ ಸಾಕ್ಷ್ಯ: ಜನಾಭಿಪ್ರಾಯ ಸಮೀಕ್ಷೆ, ಧಾರ್ಮಿಕ ವಿಶ್ವಾಸ ಮತ್ತು ಉಗ್ರವಾದ

ಧಾರ್ಮಿಕ ವಿಶ್ವಾಸ ಮತ್ತು ಉಗ್ರವಾದಗಳ ಸಂಬಂಧವನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಇಂದು ಶಾಸ್ತ್ರವಚನಗಳಿಗಿಂತ ಹೆಚ್ಚಾಗಿ ಶೇಕಡಾವಾರು ಅಂಕಿಗಳನ್ನು ಉದ್ಧರಿಸಲಾಗುತ್ತಿದೆ. ಇಂಥ ಧರ್ಮದವರಲ್ಲಿ ಇಷ್ಟು ಪಾಲು ಜನ ಹಿಂಸೆಯನ್ನು ಒಪ್ಪುತ್ತಾರೆ ಎಂಬ ಮಾತು ವಿಚಾರಗೋಷ್ಠಿಯಿಂದ ಪತ್ರಿಕೆಗೂ ಪತ್ರಿಕೆಯಿಂದ ಪ್ರಸಂಗವೇದಿಕೆಗೂ ಸಲೀಸಾಗಿ ದಾಟುತ್ತದೆ. ಸತ್ಯವೇದದ ಒಂದು ವಚನವನ್ನು ಎತ್ತಿಕೊಳ್ಳುವಾಗ ಅದರ ಸಂದರ್ಭವೇನು, ಮೂಲಭಾಷೆಯ ಪದವೇನು, ಮೊದಲ ಕೇಳುಗರು ಯಾರು ಎಂದು ವಿಚಾರಿಸಲು ಸೆಮಿನರಿ ನಮಗೆ ಕಲಿಸುತ್ತದೆ. ಆದರೆ ಒಂದು ಅಂಕಿಯನ್ನು ಎತ್ತಿಕೊಳ್ಳುವಾಗ ಆ ಶಿಸ್ತನ್ನು ನಾವು ಬಾಗಿಲ ಹೊರಗೇ ಬಿಟ್ಟು ಬರುತ್ತೇವೆ. ಸಮೀಕ್ಷೆಯೂ ಒಂದು ಪಠ್ಯವೇ. ಅದಕ್ಕೂ ಕರ್ತೃವಿದ್ದಾನೆ, ಕಾಲವಿದೆ, ಉದ್ದೇಶವಿದೆ, ವ್ಯಾಖ್ಯಾನದ ಇತಿಹಾಸವಿದೆ. ಹೀಗೆ ಪಠ್ಯವೆಂದು ಭಾವಿಸಿ ಅದನ್ನು ವಿಮರ್ಶೆಗೆ ಒಳಪಡಿಸುವುದು ಈ ಬರಹದ ಉದ್ದೇಶ.

ಇದಕ್ಕಾಗಿ ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ಚರ್ಚಿತವಾದ ಕೆಲವು ಸಮೀಕ್ಷೆಗಳನ್ನು ಆರಿಸಿಕೊಂಡಿದ್ದೇನೆ. ಇವುಗಳಲ್ಲಿ ಕೆಲವು ಅಮೆರಿಕದ ಗ್ಯಾಲಪ್ ಸಂಸ್ಥೆ ಮುಸ್ಲಿಮರನ್ನು ಕುರಿತು ನಡೆಸಿದವು. ಉಳಿದವು ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ ಕ್ರೈಸ್ತರನ್ನೂ, ಜಗತ್ತಿನ ಮುಸ್ಲಿಮರನ್ನೂ, ಕಡೆಗೆ ನಮ್ಮ ದೇಶದ ಎಲ್ಲ ಧರ್ಮದವರನ್ನೂ ಕುರಿತು ನಡೆಸಿದವು. ಇವುಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ವಿಚಾರ ಎದ್ದು ಕಾಣುತ್ತದೆ. ನೆರೆಯವನ ಅಂತರಂಗದ ವಿಶ್ವಾಸವನ್ನು ಸಮೀಕ್ಷೆ ತೋರಿಸುವುದು ಅತ್ಯಲ್ಪ. ಉಗ್ರವಾದದ ಗೆರೆಯನ್ನು ಪ್ರಶ್ನೆ ಕೇಳುವವರು ಎಲ್ಲಿ ಎಳೆದಿದ್ದಾರೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ; ಸಾಮಾನ್ಯರು, ಅಂದರೆ ಆಲಯಕ್ಕೆ ತಪ್ಪದೆ ಹೋಗುವ ನಮ್ಮಂಥವರು, ಎಷ್ಟು ಹಿಂಸೆಗೆ ಮತ್ತು ಎಷ್ಟು ಪ್ರತ್ಯೇಕತೆಗೆ ಸದ್ದಿಲ್ಲದೆ ಸಮ್ಮತಿಸುತ್ತೇವೆ ಎಂಬುದನ್ನಂತೂ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಆದುದರಿಂದ ಸಭೆ ಈ ಅಂಕಿಗಳನ್ನು ಮೊದಲು ಆತ್ಮಪರೀಕ್ಷೆಗೆ ಬಳಸಬೇಕು. ಪರರ ಮೇಲಿನ ದೋಷಾರೋಪಪಟ್ಟಿಯಾಗಿ ಬಳಸುವುದು ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯ ಅಂಚಿಗೆ ನಮ್ಮನ್ನು ತಂದು ನಿಲ್ಲಿಸುತ್ತದೆ.

1. "ಹೌದು" ಎಂಬ ಉತ್ತರದ ಅರ್ಥ

ಜಾರ್ಜ್ ಗ್ಯಾಲಪ್ 1935ರಲ್ಲಿ ಅಮೆರಿಕದ ಜನಾಭಿಪ್ರಾಯ ಸಂಸ್ಥೆಯನ್ನು ಸ್ಥಾಪಿಸಿದನು. 1944ರಲ್ಲಿ ಆ ಸಂಸ್ಥೆ ಅಮೆರಿಕನ್ನರಿಗೆ ನೀವು ದೇವರನ್ನು ನಂಬುತ್ತೀರಾ ಎಂದು ಕೇಳಿದಾಗ ಶೇಕಡಾ 96ರಷ್ಟು ಜನ ಹೌದು ಎಂದರು. 2022ರ ವೇಳೆಗೆ ಈ ಪ್ರಮಾಣ ಶೇಕಡಾ 81ಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಒಂದು ಜನಾಂಗದ ವಿಶ್ವಾಸ ಕುಗ್ಗಿದ ಕಥೆಯನ್ನು ಓದುವುದು ಸುಲಭ. ಆದರೆ 1944 ಯುದ್ಧದ ಕಾಲ. ದೇವರಿಲ್ಲ ಎನ್ನುವುದು ಆ ಸಮಾಜದಲ್ಲಿ ಗೌರವಸ್ಥರ ಮಾತಾಗಿರಲಿಲ್ಲ. ಆಗ ಹೌದು ಎಂದವರಲ್ಲಿ ಎಷ್ಟು ಮಂದಿ ವಿಶ್ವಾಸದಿಂದ ಹಾಗೆಂದರು, ಎಷ್ಟು ಮಂದಿ ಮರ್ಯಾದೆಗಾಗಿ ಹಾಗೆಂದರು ಎಂಬುದನ್ನು ಅಂಕಿ ಬೇರ್ಪಡಿಸಿ ಹೇಳಲಾರದು.

ಈ ಸಂದೇಹ ಬರಿಯ ಊಹೆಯಲ್ಲ. 1993ರಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು ಸಮಾಜಶಾಸ್ತ್ರಜ್ಞರು ಆರಾಧನೆಯ ಹಾಜರಿಯನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಳೆದ ವಾರ ಆಲಯಕ್ಕೆ ಹೋಗಿದ್ದೆವೆಂದು ಸಮೀಕ್ಷೆಗಳಲ್ಲಿ ಹೇಳುತ್ತಿದ್ದವರು ಸುಮಾರು ಶೇಕಡಾ 40. ಓಹಾಯೋ ಪ್ರಾಂತ್ಯದ ಒಂದು ಕೌಂಟಿಯ ಪ್ರಾಟೆಸ್ಟೆಂಟ್ ಸಭೆಗಳ ಹಾಗೂ ಹಲವು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳ ನೈಜ ಹಾಜರಿಯನ್ನು ಲೆಕ್ಕ ಹಾಕಿ ನೋಡಿದಾಗ ಅದು ಈ ಪ್ರಮಾಣದ ಅರ್ಧದಷ್ಟು ಮಾತ್ರವೆಂದು ಅವರಿಗೆ ಕಂಡುಬಂತು. ಸಭಾಪಾಲಕರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಜನ ತಾವು ಮಾಡಿದ್ದನ್ನು ಹೇಳುವುದಕ್ಕಿಂತ ತಾವು ಯಾರಾಗಿರಬೇಕೆಂದು ಬಯಸುತ್ತಾರೋ ಅದನ್ನೇ ಹೆಚ್ಚಾಗಿ ಹೇಳುತ್ತಾರೆ.

ಭಯವೂ ಉತ್ತರವನ್ನು ತಿರುಚಬಲ್ಲದು. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಪೇತ್ರನನ್ನು ಮೂರು ಸಾರಿ ಪ್ರಶ್ನಿಸಲಾಯಿತು. ಮೂರು ಸಾರಿಯೂ ಅವನು ಅಲ್ಲವೆಂದನು. ಅಂದು ಅಲ್ಲಿ ಸಮೀಕ್ಷಕನೊಬ್ಬನಿದ್ದಿದ್ದರೆ ಸಭೆಯ ಮೊದಲ ಅಪೊಸ್ತಲನನ್ನು ಕ್ರಿಸ್ತನ ಹಿಂಬಾಲಕನಲ್ಲವೆಂದು ದಾಖಲಿಸಿಕೊಳ್ಳುತ್ತಿದ್ದನು. ಅವನ ದಾಖಲೆಯಲ್ಲಿ ವಿಧಾನದ ದೋಷವೇನೂ ಇರುತ್ತಿರಲಿಲ್ಲ. ಕಾವಲುಗಾರರ ನಡುವೆ ಕೇಳಿದ ಪ್ರಶ್ನೆಗೂ ಕೋಳಿ ಕೂಗಿದ ಮೇಲೆ ಸುರಿದ ಕಣ್ಣೀರಿಗೂ ನಡುವೆ ವಿಶ್ವಾಸದ ಸಂಪೂರ್ಣ ನಾಟಕವೇ ಅಡಗಿದೆ. ಅದು ಕೋಷ್ಟಕದೊಳಗೆ ಹಿಡಿಸುವಂಥದಲ್ಲ.

ನಮ್ಮ ಭಾಷೆಯಲ್ಲಿ ಈ ತೊಡಕು ಇನ್ನೊಂದು ರೂಪ ತಾಳುತ್ತದೆ. ಕನ್ನಡದ "ನಂಬು" ಎಂಬ ಕ್ರಿಯಾಪದಕ್ಕೆ ಒಂದು ಸಂಗತಿಯನ್ನು ನಿಜವೆಂದು ಒಪ್ಪುವ ಅರ್ಥವೂ ಒಬ್ಬನನ್ನು ನೆಚ್ಚಿ ಅವನಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಅರ್ಥವೂ ಇವೆ. "ನಂಬಿಗಸ್ತ" ಎಂಬ ಪದ ಎರಡನೆಯ ಅರ್ಥದಿಂದ ಹುಟ್ಟಿದ್ದು. ಸಮೀಕ್ಷೆ ಅಳೆಯುವುದು ಮೊದಲನೆಯದನ್ನು. ಸುವಾರ್ತೆ ಕರೆಯುವುದು ಎರಡನೆಯದಕ್ಕೆ. ದೆವ್ವಗಳೂ ದೇವರು ಒಬ್ಬನೇ ಎಂದು ನಂಬುತ್ತವೆಂದು ಯಾಕೋಬನ ಪತ್ರಿಕೆ ಎಚ್ಚರಿಸುವುದು ಈ ವ್ಯತ್ಯಾಸವನ್ನೇ ಕುರಿತು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2015ರ ತನ್ನ ಗ್ರಂಥದಲ್ಲಿ, ಸಮೀಕ್ಷೆಗಳು ಅಮೆರಿಕದ ಧರ್ಮವನ್ನು ಅಳೆದುದಷ್ಟೇ ಅಲ್ಲ, ಅಮೆರಿಕದ ಧರ್ಮವೆಂದರೆ ಏನೆಂಬ ಕಲ್ಪನೆಯನ್ನೇ ರೂಪಿಸಿದವು ಎಂದು ವಾದಿಸುತ್ತಾನೆ. ಜೊತೆಗೆ ಉತ್ತರಿಸುವವರ ಸಂಖ್ಯೆಯೂ ಕರಗುತ್ತಿದೆ. ಪ್ಯೂ ಕೇಂದ್ರ ಅಮೆರಿಕದಲ್ಲಿ ನಡೆಸಿದ ದೂರವಾಣಿ ಸಮೀಕ್ಷೆಗಳಿಗೆ 1997ರಲ್ಲಿ ಶೇಕಡಾ 36ರಷ್ಟು ಜನ ಸ್ಪಂದಿಸಿದ್ದರೆ 2018ರಲ್ಲಿ ಕೇವಲ ಶೇಕಡಾ 6ರಷ್ಟು ಜನ ಸ್ಪಂದಿಸಿದರು. ಮಾತನಾಡದೆ ಉಳಿದ ಬಹುಸಂಖ್ಯಾತರ ಮನಸ್ಸನ್ನು ಮಾತನಾಡಿದ ಕೆಲವರಿಂದ ಊಹಿಸಬೇಕಾಗುತ್ತದೆ. ಈ ಊಹೆಗೆ ಒಳ್ಳೆಯ ಗಣಿತವಿದೆ ನಿಜ. ಆದರೂ ಅದು ಊಹೆಯೇ.

2. ಗೆರೆ ಎಳೆಯುವವರು ಯಾರು?

ವಿಶ್ವಾಸವನ್ನು ಅಳೆಯುವುದೇ ಇಷ್ಟು ಕಷ್ಟವಾದರೆ ಉಗ್ರವಾದವನ್ನು ಅಳೆಯುವುದು ಇನ್ನೂ ಕಷ್ಟ. 2001ರ ಸೆಪ್ಟೆಂಬರ್ 11ರ ದಾಳಿಗಳ ನಂತರ ಗ್ಯಾಲಪ್ ಸಂಸ್ಥೆ 35ಕ್ಕೂ ಹೆಚ್ಚು ರಾಷ್ಟ್ರಗಳಲ್ಲಿ ಸುಮಾರು ಆರು ವರ್ಷಗಳ ಕಾಲ ಮುಸ್ಲಿಮರನ್ನು ಸಂದರ್ಶಿಸಿತು. ಸಾವಿರಾರು ಸಂದರ್ಶನಗಳ ಫಲವನ್ನು ಜಾನ್ ಎಸ್ಪೊಸಿಟೊ ಮತ್ತು ಡಾಲಿಯಾ ಮೊಗಾಹೆದ್ ಒಂದು ಗ್ರಂಥವಾಗಿ ಪ್ರಕಟಿಸಿದರು. ಇಸ್ಲಾಮಿನ ಪರವಾಗಿ ಮಾತನಾಡುವವರು ಯಾರು ಎಂಬುದು ಅದರ ಶೀರ್ಷಿಕೆಯೇ ಕೇಳುವ ಪ್ರಶ್ನೆ. ಸಂದರ್ಶಿತರಲ್ಲಿ ಶೇಕಡಾ 7ರಷ್ಟು ಜನ ಮಾತ್ರ ರಾಜಕೀಯವಾಗಿ ಉಗ್ರರು ಎಂಬುದು ಅದರ ಬಹುಚರ್ಚಿತ ನಿರ್ಣಯ.

ಈ 7 ಎಲ್ಲಿಂದ ಬಂತು? ಆ ದಾಳಿಗಳು ಎಷ್ಟರಮಟ್ಟಿಗೆ ಸಮರ್ಥನೀಯವೆಂದು 1ರಿಂದ 5ರವರೆಗಿನ ಮಾಪಕದಲ್ಲಿ ಹೇಳಲು ಕೇಳಲಾಗಿತ್ತು. ಸಂಪೂರ್ಣ ಸಮರ್ಥನೀಯವೆಂಬ 5ನೆಯ ಅಂಕವನ್ನು ಆರಿಸಿ, ಅಮೆರಿಕದ ಬಗ್ಗೆ ಪ್ರತಿಕೂಲ ಅಭಿಪ್ರಾಯವನ್ನೂ ಹೊಂದಿದ್ದವರನ್ನು ಲೇಖಕರು ಉಗ್ರರೆಂದು ಕರೆದರು. ಗ್ರಂಥದ ಟೀಕಾಕಾರರಲ್ಲಿ ಪ್ರಮುಖನಾದ ರಾಬರ್ಟ್ ಸ್ಯಾಟ್ಲಾಫ್ ತೋರಿಸಿಕೊಟ್ಟಂತೆ, 4ನೆಯ ಅಂಕವನ್ನು ಆರಿಸಿದವರನ್ನೂ ಸೇರಿಸಿದರೆ ಆ ಪಾಲು ಸುಮಾರು ಇಮ್ಮಡಿಯಾಗುತ್ತದೆ. ನಡುವಿನ ಅಂಕವನ್ನೂ ಸೇರಿಸಿದರೆ ಮೂರರಲ್ಲೊಂದು ಪಾಲನ್ನು ಮೀರುತ್ತದೆ. ಜನರು ಹೇಳಿದ್ದು ಒಂದೇ, ಉತ್ತರಗಳು ಬದಲಾಗಲಿಲ್ಲ. ಗೆರೆಯನ್ನು ಒಂದು ಮನೆ ಆಚೆಗೋ ಈಚೆಗೋ ಸರಿಸಿದೊಡನೆ ಕೋಟಿಗಟ್ಟಲೆ ಜನ ಸೌಮ್ಯರಾದರು ಅಥವಾ ಉಗ್ರರಾದರು. ಗೆರೆಯನ್ನು ಎಳೆದವರು ಮುಸ್ಲಿಮರನ್ನು ಶಂಕೆಯಿಂದ ಬಿಡಿಸಬೇಕೆಂದು ಬಯಸಿದ್ದರು; ಅದನ್ನು ಸರಿಸಿದವರು ಆ ಶಂಕೆಗೆ ಆಧಾರವಿದೆಯೆಂದು ತೋರಿಸಬಯಸಿದ್ದರು. ಇಬ್ಬರದೂ ಅಂಕಗಣಿತದಲ್ಲಿ ತಪ್ಪಿಲ್ಲ. ಆದರೆ ಓದುಗನ ಕೈಗೆ ಬಂದುದು ಅವರವರ ತೀರ್ಪು. ಅದು ವಸ್ತುಸ್ಥಿತಿಯ ವೇಷದಲ್ಲಿ ಬಂತು.

ಆ ಗ್ರಂಥದಲ್ಲಿ ಇದಕ್ಕಿಂತ ಬೆಲೆಯುಳ್ಳ ಇನ್ನೊಂದು ಸಂಗತಿಯಿದೆ. ಚರ್ಚೆಯ ಗದ್ದಲದಲ್ಲಿ ಅದು ಹಿಂದೆ ಬಿತ್ತು. ಲೇಖಕರು ಉಗ್ರರೆಂದು ಗುರುತಿಸಿದವರ ಧರ್ಮಶ್ರದ್ಧೆಗೂ ಉಳಿದವರ ಧರ್ಮಶ್ರದ್ಧೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪುಗಳಲ್ಲಿ ಬಹುಪಾಲು ಜನರಿಗೆ ಧರ್ಮ ನಿತ್ಯಜೀವನದ ಮುಖ್ಯ ಅಂಗವಾಗಿತ್ತು. ಮಸೀದಿಗೆ ಹೋಗುವುದರಲ್ಲೂ ಅವರು ಒಂದೇ ತೆರನಾಗಿದ್ದರು. ದಾಳಿಯನ್ನು ಸಮರ್ಥಿಸಿದವರು ಹೆಚ್ಚಾಗಿ ರಾಜಕೀಯ ಕಾರಣಗಳನ್ನು ಕೊಟ್ಟರೆ, ಖಂಡಿಸಿದವರಲ್ಲಿ ಅನೇಕರು ಧರ್ಮದ ಕಾರಣಗಳನ್ನು ಕೊಟ್ಟರು. ಶ್ರದ್ಧೆ ಹೆಚ್ಚಿದಂತೆ ಹಿಂಸೆ ಹೆಚ್ಚುತ್ತದೆ ಎಂಬ ಪ್ರಚಲಿತ ಗ್ರಹಿಕೆಗೆ ಇದು ಹೊಂದುವುದಿಲ್ಲ.

2013ರಲ್ಲಿ ಪ್ಯೂ ಕೇಂದ್ರ 39 ದೇಶಗಳ ಮುಸ್ಲಿಮರನ್ನು ಕುರಿತು ಪ್ರಕಟಿಸಿದ ವರದಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಷರಿಯಾ ದೇಶದ ಅಧಿಕೃತ ಕಾನೂನಾಗಬೇಕೆಂದು ಬಯಸಿದವರು ಅಫ್ಘಾನಿಸ್ತಾನದಲ್ಲಿ ಶೇಕಡಾ 99, ಅಜರ್‌ಬೈಜಾನಿನಲ್ಲಿ ಶೇಕಡಾ 8. ಧರ್ಮಗ್ರಂಥ ಒಂದೇ, ಉತ್ತರಗಳು ಎರಡು ಧ್ರುವಗಳಲ್ಲಿವೆ. ಆದುದರಿಂದ ಈ ಉತ್ತರಗಳಿಗೆ ಗ್ರಂಥವೊಂದನ್ನೇ ಕಾರಣವೆಂದು ಹೇಳಲಾಗದು. ಆಯಾ ದೇಶದ ಆಳ್ವಿಕೆಯ ಇತಿಹಾಸವೂ ಅವುಗಳಲ್ಲಿ ಮಾತನಾಡುತ್ತಿದೆ. ಷರಿಯಾವನ್ನು ಬಯಸಿದವರಲ್ಲೂ ಅದು ಮುಸ್ಲಿಮರಿಗೆ ಮಾತ್ರ ಅನ್ವಯಿಸಬೇಕೆಂದವರು ಅನೇಕ. ಕಠಿಣ ದಂಡನೆಗಳನ್ನು ಕುರಿತು ಅವರಲ್ಲೇ ಒಮ್ಮತವಿರಲಿಲ್ಲ. ಒಬ್ಬನಿಗೆ ಆ ಪದ ಲಂಚವಿಲ್ಲದ ನ್ಯಾಯಾಲಯವನ್ನು ಸೂಚಿಸಿದರೆ ಇನ್ನೊಬ್ಬನಿಗೆ ಕುಟುಂಬದ ಆಸ್ತಿಹಂಚಿಕೆಯನ್ನು, ಮತ್ತೊಬ್ಬನಿಗೆ ಕಲ್ಲೆಸೆತದ ಶಿಕ್ಷೆಯನ್ನು ಸೂಚಿಸಬಹುದು. ಕೋಷ್ಟಕದಲ್ಲಿ ಈ ಮೂವರೂ ಒಂದೇ ಅಂಕಿಯ ಒಳಗಿರುತ್ತಾರೆ.

3. ಕನ್ನಡಿ ನಮ್ಮ ಕಡೆಗೆ ತಿರುಗಿದಾಗ

ಇದೇ ಬಗೆಯ ಪ್ರಶ್ನೆಗಳನ್ನು ಕ್ರೈಸ್ತರಿಗೆ ಕೇಳಿದಾಗ ಏನಾಯಿತು? 2020ರಲ್ಲಿ ಪ್ಯೂ ಕೇಂದ್ರ ಅಮೆರಿಕನ್ನರಿಗೆ, ಸತ್ಯವೇದಕ್ಕೂ ಜನರ ಇಚ್ಛೆಗೂ ಘರ್ಷಣೆ ಬಂದರೆ ದೇಶದ ಕಾನೂನಿನ ಮೇಲೆ ಯಾವುದರ ಪ್ರಭಾವ ಹೆಚ್ಚಿರಬೇಕೆಂದು ಕೇಳಿತು. ಸತ್ಯವೇದದ್ದು ಎಂಬ ನಿಲುವು ತಾಳಿದವರು ಒಟ್ಟು ಜನರಲ್ಲಿ ಶೇಕಡಾ 28. ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಶೇಕಡಾ 68. ಈ ಅಂಕಿಯನ್ನು ಓದುವಾಗ ನಮ್ಮಲ್ಲಿ ಯಾರೂ ಅವರನ್ನು ಉಗ್ರರೆಂದು ಕೂಡಲೇ ಕರೆಯುವುದಿಲ್ಲ. ಅವರು ಬಹುಶಃ ಹತ್ತು ಆಜ್ಞೆಗಳನ್ನೋ ಕುಟುಂಬದ ಪಾವಿತ್ರ್ಯವನ್ನೋ ಮನಸ್ಸಿನಲ್ಲಿಟ್ಟುಕೊಂಡಿರಬೇಕು ಎಂದು ಅರ್ಥ ಹಚ್ಚಿಕೊಡುತ್ತೇವೆ. ಹೀಗೆ ಅರ್ಥ ಹಚ್ಚಿಕೊಡುವ ಔದಾರ್ಯ ತಪ್ಪಲ್ಲ. ಅಫ್ಘಾನಿಸ್ತಾನದ ರೈತನಿಗೆ ಅದನ್ನು ನಿರಾಕರಿಸುವುದು ತಪ್ಪು.

2009ರ ಏಪ್ರಿಲಿನಲ್ಲಿ ಪ್ಯೂ ಕೇಂದ್ರ ಇನ್ನೊಂದು ಫಲಿತಾಂಶವನ್ನು ಪ್ರಕಟಿಸಿತು. ಭಯೋತ್ಪಾದಕರೆಂದು ಶಂಕಿತರಾದವರಿಂದ ಮಾಹಿತಿ ಪಡೆಯಲು ಚಿತ್ರಹಿಂಸೆ ಕೊಡುವುದು ಸಮರ್ಥನೀಯವೇ ಎಂಬುದು ಪ್ರಶ್ನೆ. ವಾರಕ್ಕೆ ಒಮ್ಮೆಯಾದರೂ ಆರಾಧನೆಗೆ ಹೋಗುವವರಲ್ಲಿ ಶೇಕಡಾ 54ರಷ್ಟು ಜನ ಆಗಾಗ್ಗೆ ಅಥವಾ ಕೆಲವೊಮ್ಮೆ ಸಮರ್ಥನೀಯವೆಂದರು. ಅಪರೂಪಕ್ಕೆ ಹೋಗುವ ಅಥವಾ ಹೋಗದೇ ಇರುವವರಲ್ಲಿ ಹಾಗೆಂದವರು ಶೇಕಡಾ 42. ಬಿಳಿಯ ಇವಾಂಜೆಲಿಕಲರಲ್ಲಿ ಈ ಪ್ರಮಾಣ ಶೇಕಡಾ 62 ಇದ್ದಿತು. ಚಿತ್ರಹಿಂಸೆಗೆ ಒಳಗಾಗಿ ಸತ್ತವನನ್ನು ವಾರವಾರ ಆರಾಧಿಸುವವರು ಚಿತ್ರಹಿಂಸೆಯನ್ನು ಒಪ್ಪುವುದರಲ್ಲಿ ಉಳಿದವರಿಗಿಂತ ಮುಂದಿದ್ದರು.

2011ರಲ್ಲಿ ಗ್ಯಾಲಪ್ ಅಮೆರಿಕದ ಮುಸ್ಲಿಮರನ್ನು ಕುರಿತ ವರದಿಯಲ್ಲಿ ಎಲ್ಲ ಧರ್ಮದವರಿಗೂ ಒಂದೇ ಪ್ರಶ್ನೆ ಕೇಳಿದ ಫಲವನ್ನು ಕೊಟ್ಟಿತು. ಸೈನ್ಯ ನಾಗರಿಕರನ್ನು ಗುರಿಯಿಟ್ಟು ಕೊಲ್ಲುವುದು ಕೆಲವೊಮ್ಮೆ ಸರಿಯೋ ಎಂದಿಗೂ ಸರಿಯಲ್ಲವೋ? ಎಂದಿಗೂ ಸರಿಯಲ್ಲವೆಂದವರು ಮುಸ್ಲಿಮರಲ್ಲಿ ಶೇಕಡಾ 78, ಯಾವ ಧರ್ಮಕ್ಕೂ ಸೇರದವರಲ್ಲಿ 56, ಯೆಹೂದ್ಯರಲ್ಲಿ 43, ಕ್ಯಾಥೊಲಿಕರಲ್ಲಿ 39, ಪ್ರಾಟೆಸ್ಟೆಂಟರಲ್ಲಿ 38. ವ್ಯಕ್ತಿಯೊಬ್ಬನೋ ಸಣ್ಣ ಗುಂಪೋ ನಾಗರಿಕರನ್ನು ಕೊಲ್ಲುವುದನ್ನು ಕುರಿತು ಕೇಳಿದಾಗ ಎಂದಿಗೂ ಸರಿಯಲ್ಲವೆಂದವರು ಮುಸ್ಲಿಮರಲ್ಲಿ ಶೇಕಡಾ 89, ಪ್ರಾಟೆಸ್ಟೆಂಟರಲ್ಲೂ ಕ್ಯಾಥೊಲಿಕರಲ್ಲೂ 71.

ಯುದ್ಧ ಬೇರೆ, ಭಯೋತ್ಪಾದನೆ ಬೇರೆ. ನ್ಯಾಯಯುದ್ಧದ ಸಿದ್ಧಾಂತವನ್ನು ಅಗಸ್ಟೀನನಿಂದ ಅಕ್ವಿನಾಸನವರೆಗೆ ಸಭೆ ಬೆಳೆಸಿಕೊಂಡು ಬಂದಿದೆಯಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆದರೆ ಪ್ರಶ್ನೆ ಕೇಳಿದ್ದು ಯುದ್ಧದಲ್ಲಿ ಆಕಸ್ಮಿಕವಾಗಿ ಸಾಯುವವರನ್ನು ಕುರಿತಲ್ಲ, ಗುರಿಯಿಟ್ಟು ಕೊಲ್ಲುವುದನ್ನು ಕುರಿತು. ಅದನ್ನು ನಿಷೇಧಿಸುವುದೇ ಬೆಳೆದು ಬಂದ ನ್ಯಾಯಯುದ್ಧ ಸಿದ್ಧಾಂತದ ತಿರುಳು. ನಗರಗಳನ್ನು ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮನುಷ್ಯರಿಗೂ ವಿರುದ್ಧವಾದ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಸಾರಿತು. ಹೀಗಿರುವಾಗ ಹತ್ತು ಜನ ಕ್ರೈಸ್ತರಲ್ಲಿ ಸುಮಾರು ಆರು ಜನ ತಮ್ಮ ಸಭೆಯ ಬೋಧನೆಗೆ ಎದುರಾಗಿ ಉತ್ತರಿಸಿದ್ದಾರೆ. ಅವರನ್ನು ಯಾರೂ ಉಗ್ರರೆಂದು ಎಣಿಸಲಿಲ್ಲ. ಕಾರಣವೇನು? ಸಮವಸ್ತ್ರ ತೊಟ್ಟ ಹಿಂಸೆಯನ್ನು ಗೆರೆಯ ಈಚೆಗೆ ಇಡಬೇಕೆಂದು ಗೆರೆ ಎಳೆದವರು ಮೊದಲೇ ತೀರ್ಮಾನಿಸಿದ್ದರು.

ಹಾಗೆಂದು ಈ ಅಂಕಿಗಳನ್ನು ಹಿಡಿದು ಕ್ರೈಸ್ತವಿಶ್ವಾಸವೇ ಚಿತ್ರಹಿಂಸೆಯನ್ನು ಹುಟ್ಟಿಸುತ್ತದೆ ಎನ್ನಬಹುದೇ? 2009ರ ಫಲಿತಾಂಶವನ್ನು ವಿಶ್ಲೇಷಿಸಿದ ಪ್ಯೂ ಕೇಂದ್ರವೇ, ಈ ವಿಷಯದಲ್ಲಿ ಧರ್ಮಕ್ಕಿಂತ ರಾಜಕೀಯ ಪಕ್ಷದ ಒಲವು ಹೆಚ್ಚು ನಿರ್ಣಾಯಕವೆಂದು ತೋರಿಸಿತು. ನಾವು ಆ ವಿವರಣೆಯನ್ನು ನೆಮ್ಮದಿಯಿಂದ ಸ್ವೀಕರಿಸುತ್ತೇವೆ. ನಮ್ಮವರು ತಪ್ಪು ಉತ್ತರ ಕೊಟ್ಟಾಗ ಅದು ರಾಜಕೀಯದ ದೋಷ. ಪರರು ಕೊಟ್ಟಾಗ ಅದು ಅವರ ಧರ್ಮದ ದೋಷ. ಈ ಎರಡು ಅಳತೆಗೋಲುಗಳ ಬಳಕೆಯೇ ನಾವು ವಿಮರ್ಶಿಸಬೇಕಾದ ಮುಖ್ಯ ಪಾಪ. ಚೀಲದಲ್ಲಿ ಹೆಚ್ಚುಕಡಿಮೆಯಾದ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡ ವಿಧಿಸುವುದು ಬರಿಯ ಕಾಳು ಮಾರುವವರಿಗಲ್ಲ.

4. ನಮ್ಮ ದೇಶದ ಉತ್ತರಗಳು

2021ರ ಜೂನಿನಲ್ಲಿ ಪ್ಯೂ ಕೇಂದ್ರ ಭಾರತದ ಧರ್ಮಗಳನ್ನು ಕುರಿತ ತನ್ನ ವಿಸ್ತಾರವಾದ ವರದಿಯನ್ನು ಪ್ರಕಟಿಸಿತು. 2019ರ ನವೆಂಬರಿನಿಂದ 2020ರ ಮಾರ್ಚಿನವರೆಗೆ 17 ಭಾಷೆಗಳಲ್ಲಿ 29,999 ವಯಸ್ಕರನ್ನು ಮುಖಾಮುಖಿಯಾಗಿ ಸಂದರ್ಶಿಸಲಾಗಿತ್ತು. ನಿಜವಾದ ಭಾರತೀಯನಾಗಲು ಎಲ್ಲ ಧರ್ಮಗಳನ್ನು ಗೌರವಿಸುವುದು ಬಹಳ ಮುಖ್ಯವೆಂದವರು ಶೇಕಡಾ 84. ಅದೇ ಸಂದರ್ಶನಗಳಲ್ಲಿ, ಮುಸ್ಲಿಮನನ್ನು ನೆರೆಯವನಾಗಿ ಒಪ್ಪಲಾರೆವೆಂದ ಹಿಂದೂಗಳು ಶೇಕಡಾ 36, ಕ್ರೈಸ್ತನನ್ನು ಒಪ್ಪಲಾರೆವೆಂದವರು ಶೇಕಡಾ 31. ತಮ್ಮ ಸಮುದಾಯದ ಹೆಣ್ಣುಮಕ್ಕಳು ಅನ್ಯಧರ್ಮೀಯರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯವೆಂದವರು ಮುಸ್ಲಿಮರಲ್ಲಿ ಶೇಕಡಾ 80, ಹಿಂದೂಗಳಲ್ಲಿ 67, ಕ್ರೈಸ್ತರಲ್ಲಿ 37. ಗೌರವವೂ ಇದೆ, ಬೇಲಿಯೂ ಇದೆ. ಸಹಿಷ್ಣುತೆ ಮತ್ತು ಪ್ರತ್ಯೇಕತೆ ಎಂಬೆರಡು ಪದಗಳನ್ನು ವರದಿ ತನ್ನ ಶೀರ್ಷಿಕೆಯಲ್ಲೇ ಜೋಡಿಸಿರುವುದು ಅರ್ಥಪೂರ್ಣವಾಗಿದೆ.

ಈ ವರದಿಯ ದೊಡ್ಡ ಉಪಕಾರವೆಂದರೆ, ಉಗ್ರವಾದವನ್ನು ಅಂಚಿನಲ್ಲಿರುವ ಕೆಲವರ ರೋಗವೆಂದು ಭಾವಿಸುವ ಅಭ್ಯಾಸವನ್ನು ಅದು ಅಲುಗಾಡಿಸುತ್ತದೆ. ದೂರ ನಿಲ್ಲಿಸಿ ಗೌರವಿಸುವ ಕಲೆ ನಮಗೆ ಹೊಸದಲ್ಲ. ಜಾತಿಪದ್ಧತಿ ಅದನ್ನು ಶತಮಾನಗಳಿಂದ ಕಲಿಸಿದೆ. ತಮ್ಮ ಆಪ್ತಸ್ನೇಹಿತರಲ್ಲಿ ಎಲ್ಲರೂ ಅಥವಾ ಹೆಚ್ಚಿನವರು ತಮ್ಮದೇ ಜಾತಿಯವರೆಂದು ಹೇಳಿದ ಭಾರತೀಯರು ಶೇಕಡಾ 70. ನಮ್ಮ ಸಭೆಗಳು ಇದರಿಂದ ಹೊರತಲ್ಲವೆಂದು ಸಭಾಪಾಲಕರಿಗೆ ಗೊತ್ತು. ವಧೂವರರ ಅನ್ವೇಷಣೆಯಲ್ಲಿಯೂ ಕೆಲವೆಡೆ ಸ್ಮಶಾನಭೂಮಿಯಲ್ಲಿಯೂ ಅದು ತಾನೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕ್ರೈಸ್ತರ ಶೇಕಡಾ 37ನ್ನು ಹಿಂದೂಗಳ 67ರ ಎದುರಿಗೆ ಇಟ್ಟು ಸಮಾಧಾನಪಟ್ಟುಕೊಳ್ಳುವ ಮೊದಲು, ಧರ್ಮದ ಬದಲು ಜಾತಿಯನ್ನು ಕುರಿತು ಅದೇ ಪ್ರಶ್ನೆಯನ್ನು ನಮ್ಮ ಸಭೆಯಲ್ಲಿ ಕೇಳಿದರೆ ಬರುವ ಉತ್ತರವೇನೆಂದು ಯೋಚಿಸುವುದು ಒಳ್ಳೆಯದು.

ವರದಿಯ ಮಿತಿಗಳನ್ನೂ ಹೇಳಬೇಕು. ಸುಮಾರು 30,000 ಜನರಲ್ಲಿ ಕ್ರೈಸ್ತರು 1,011. ಕೇರಳದ ಸಿರಿಯನ್ ಕ್ರೈಸ್ತರು, ಛೋಟಾ ನಾಗಪುರದ ಆದಿವಾಸಿಗಳು, ಕರಾವಳಿಯ ಕೊಂಕಣಿ ಕ್ಯಾಥೊಲಿಕರು, ಬಾಸೆಲ್ ಮಿಷನ್ ಪರಂಪರೆಯ ತುಳು-ಕನ್ನಡ ಸಭೆಗಳವರು, ಆಂಧ್ರದ ದಲಿತ ಕ್ರೈಸ್ತರು ಎಲ್ಲರೂ ಈ ಒಂದು ಸಾವಿರದೊಳಗೆ ಅಡಕವಾಗಬೇಕು. ಭಾರತದ ಕ್ರೈಸ್ತರು ಎಂದು ಹೇಳಿದಾಗ ಅಂಕಿ ಯಾರ ಮುಖವನ್ನೂ ಪೂರ್ಣವಾಗಿ ತೋರಿಸುವುದಿಲ್ಲ. ಕರ್ಮವನ್ನು ನಂಬುತ್ತೇವೆಂದ ಕ್ರೈಸ್ತರು ಶೇಕಡಾ 54 ಎಂಬ ಅಂಕಿಯನ್ನು ಓದಿ ಬೆಚ್ಚಿದವರುಂಟು. ಆದರೆ ಮಾಡಿದ್ದುಣ್ಣೋ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದವನು ಆ ಪ್ರಶ್ನೆಗೆ ಹೌದೆನ್ನುವಾಗ ಪುನರ್ಜನ್ಮದ ಸಿದ್ಧಾಂತವನ್ನು ಒಪ್ಪುತ್ತಿದ್ದಾನೆಯೋ, ಬಿತ್ತಿದ್ದನ್ನೇ ಕೊಯ್ಯುತ್ತೇವೆಂಬ ಪೌಲನ ಮಾತನ್ನು ನೆನೆಯುತ್ತಿದ್ದಾನೆಯೋ ಎಂಬುದು ಕೋಷ್ಟಕದಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಬಲ್ಲವನು ಮನೆಗೆ ಹೋಗಿ ಕುಳಿತು ಮಾತನಾಡುವ ಸಭಾಪಾಲಕನು.

ಇನ್ನೊಂದು ಕೊರತೆ ಹೆಚ್ಚು ಗಂಭೀರವಾದದ್ದು. ಸಾಂಕ್ರಾಮಿಕ ರೋಗದ ಕಾರಣ ಮಣಿಪುರ ಮತ್ತು ಸಿಕ್ಕಿಂ ರಾಜ್ಯಗಳಲ್ಲಿ ಸಂದರ್ಶನ ನಡೆಯಲಿಲ್ಲ; ಕಾಶ್ಮೀರ ಕಣಿವೆಯೂ ಹೊರಗುಳಿಯಿತು. 2011ರ ಜನಗಣತಿಯಂತೆ ಮಣಿಪುರದ ಜನರಲ್ಲಿ ಶೇಕಡಾ 41ರಷ್ಟು ಕ್ರೈಸ್ತರು. 2023ರ ಮೇ ತಿಂಗಳಲ್ಲಿ ಅಲ್ಲಿ ಭುಗಿಲೆದ್ದ ಜನಾಂಗೀಯ ಹಿಂಸೆಯಲ್ಲಿ ನೂರಾರು ಆರಾಧನಾಲಯಗಳು ಸುಟ್ಟುಹೋದವು. ಸಂದರ್ಶನ ನಡೆದಿದ್ದರೆ ಆ ಹಿಂಸೆ ಮೊದಲೇ ತಿಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ದೇಶದ ಚಿತ್ರವೆಂದು ಕೈಗೆ ಬಂದುದರಲ್ಲಿ ಗಾಯವಾಗಲಿದ್ದ ಅಂಗವೇ ಇರಲಿಲ್ಲ ಎಂಬುದನ್ನು ಓದುಗ ಮರೆಯಬಾರದು.

ಅಭಿಪ್ರಾಯಕ್ಕೂ ಕೃತ್ಯಕ್ಕೂ ಇರುವ ಅಂತರವನ್ನೂ ಇಲ್ಲಿ ನೆನೆಯಬೇಕು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯೂ 1972ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ, ಸಮೀಕ್ಷೆಗಳು ಕಲ್ಪಿಸುವಂಥ ಜನಾಭಿಪ್ರಾಯವೆಂಬುದೇ ಇಲ್ಲವೆಂದು ವಾದಿಸಿದನು. ಪ್ರತಿಯೊಬ್ಬರಿಗೂ ಅಭಿಪ್ರಾಯವಿದೆ, ಎಲ್ಲ ಅಭಿಪ್ರಾಯಗಳ ತೂಕವೂ ಸಮ, ಕೇಳಬೇಕಾದ ಪ್ರಶ್ನೆಗಳು ಯಾವುವೆಂಬುದರಲ್ಲಿ ಒಮ್ಮತವಿದೆ ಎಂಬ ಮೂರು ಗ್ರಹಿಕೆಗಳ ಮೇಲೆ ಸಮೀಕ್ಷೆ ನಿಂತಿದೆ; ನಿಜಜೀವನದಲ್ಲಾದರೋ ಸಂಘಟಿತವಾದ ಬಲಗಳೇ ಪರಸ್ಪರ ಎದುರಾಗುತ್ತವೆ ಎಂದನು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿಯೂ ರಾಜ್ಯದ ಬೇರೆ ಕಡೆಗಳಲ್ಲಿಯೂ ಆರಾಧನಾಲಯಗಳ ಮೇಲೆ ದಾಳಿಗಳು ನಡೆದದ್ದನ್ನು ನಮ್ಮ ಸಭೆಗಳು ಮರೆತಿಲ್ಲ. ಹಿಂದಿನ ದಿನ ಆ ಬೀದಿಗಳಲ್ಲಿ ಸಮೀಕ್ಷೆ ನಡೆಸಿದ್ದರೆ ಬಹುಪಾಲು ಜನ ಎಲ್ಲ ಧರ್ಮಗಳನ್ನು ಗೌರವಿಸುತ್ತೇವೆಂದೇ ಹೇಳುತ್ತಿದ್ದರು, ಮತ್ತು ಅದನ್ನು ಮನಃಪೂರ್ವಕವಾಗಿಯೇ ಹೇಳುತ್ತಿದ್ದರು ಎಂದು ನನಗನಿಸುತ್ತದೆ. ಕಲ್ಲೆಸೆಯಲು ಕೆಲವರು ಸಾಕು. ಉಳಿದವರ ಸದಭಿಪ್ರಾಯ ಬಾಗಿಲು ತೆರೆದು ಬೀದಿಗೆ ಬರುತ್ತದೆಯೇ ಎಂಬುದೇ ನಿರ್ಣಾಯಕವಾದ ಪ್ರಶ್ನೆ. ಅದನ್ನು ಯಾವ ಪ್ರಶ್ನಾವಳಿಯೂ ಮುಂಚಿತವಾಗಿ ಕೇಳಲಾರದು.

5. ಸಭೆಯ ಹೊಣೆ

ಇಂಥ ಅಂಕಿಗಳನ್ನು ಕೈಗೆತ್ತಿಕೊಳ್ಳುವಾಗ ಸಭೆ ತನ್ನದೇ ಇತಿಹಾಸವನ್ನು ನೆನೆಯಬೇಕು. ಪಿಲಾತನು ಜನಸಮೂಹದ ಮುಂದೆ ಎರಡು ಆಯ್ಕೆಗಳನ್ನಿಟ್ಟನು. ಒಬ್ಬನು ಯೇಸು, ಇನ್ನೊಬ್ಬನು ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದ ಬರಬ್ಬ. ಇಂದಿನ ಪರಿಭಾಷೆಯಲ್ಲಿ ಅವನನ್ನು ಉಗ್ರನೆಂದೇ ಕರೆಯುತ್ತಿದ್ದರು. ಇಬ್ಬರನ್ನೂ ಬಿಡಬಹುದೆಂಬ ಮೂರನೆಯ ಆಯ್ಕೆ ಇರಲಿಲ್ಲ. ಜನರನ್ನು ಯಾಜಕರು ಪ್ರೇರೇಪಿಸಿದ್ದರೆಂದು ಸುವಾರ್ತೆಗಳೇ ಹೇಳುತ್ತವೆ. ಪ್ರಶ್ನೆಯನ್ನು ರೂಪಿಸಿದವನು ಕೈತೊಳೆದುಕೊಂಡನು. ಒಂದು ಬೆಳಗಿನಲ್ಲಿ, ಒಂದು ಅಂಗಳದಲ್ಲಿ, ಒಂದು ಗುಂಪು ಕೂಗಿದ ಆ ಉತ್ತರವನ್ನು ಸಭೆ ಮುಂದಿನ ಶತಮಾನಗಳಲ್ಲಿ ಇಡೀ ಯೆಹೂದ್ಯ ಜನಾಂಗದ ವಿರುದ್ಧದ ಸಾಕ್ಷ್ಯವಾಗಿ ಬಳಸಿತು. ಆ ಸಾಕ್ಷ್ಯದ ಆಧಾರದ ಮೇಲೆ ಹರಿದ ರಕ್ತಕ್ಕೆ ಲೆಕ್ಕವಿಲ್ಲ. ಅಂದಿನ ಕೃತ್ಯವನ್ನು ಆಗ ಬದುಕಿದ್ದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ವ್ಯಾಟಿಕನ್ ಮಹಾಸಭೆ ಘೋಷಿಸಲು 1965ರವರೆಗೆ ಕಾಯಬೇಕಾಯಿತು. ಕೆಲವರ ಉತ್ತರವನ್ನು ಎಲ್ಲರ ಸ್ವಭಾವವೆಂದು ಓದುವ ತಪ್ಪಿಗೆ ನಮಗಿಂತ ದೀರ್ಘವಾದ ಇತಿಹಾಸವುಳ್ಳವರು ವಿರಳ. ಈ ತಪ್ಪನ್ನು ಮತ್ತೊಂದು ಜನಾಂಗದ ವಿಷಯದಲ್ಲಿ, ಈ ಬಾರಿ ದಶಮಾಂಶಗಳ ಸಹಿತ, ಪುನರಾವರ್ತಿಸುವ ಹಕ್ಕು ನಮಗಿಲ್ಲ.

ಹಾಗಾದರೆ ಸಮೀಕ್ಷೆಗಳನ್ನು ತ್ಯಜಿಸಬೇಕೇ? ಬೇಡ. ಅವುಗಳಿಲ್ಲದಿದ್ದರೆ ನಮಗೆ ಉಳಿಯುವುದು ವದಂತಿ. ವದಂತಿಗೆ ಮಾದರಿಯೂ ಇಲ್ಲ, ವಿಧಾನವೂ ಇಲ್ಲ. ಒಳ್ಳೆಯ ಸಮೀಕ್ಷೆ ತನ್ನ ಪ್ರಶ್ನೆಗಳನ್ನೂ ಕೊರತೆಗಳನ್ನೂ ಬಹಿರಂಗವಾಗಿ ಮುಂದಿಡುತ್ತದೆ. ಮೇಲೆ ಹೇಳಿದ ಬಹಳಷ್ಟು ಟೀಕೆಗಳು ಸಾಧ್ಯವಾದದ್ದೂ ಆ ಪಾರದರ್ಶಕತೆಯಿಂದಲೇ. ಪ್ರಸಂಗದಲ್ಲಿ ಅಂಕಿಯೊಂದನ್ನು ಬಳಸುವ ಸೇವಕನು ನಾಲ್ಕು ಸಂಗತಿಗಳನ್ನು ವಿಚಾರಿಸಿಕೊಂಡರೆ ಸಾಕು. ಕೇಳಿದ ಪ್ರಶ್ನೆಯ ನಿಖರವಾದ ಮಾತುಗಳು ಯಾವುವು? ಉತ್ತರಗಳ ನಡುವೆ ಗೆರೆ ಎಳೆದವರು ಯಾರು, ಎಲ್ಲಿ ಎಳೆದರು? ಯಾರನ್ನು ಕೇಳಲಿಲ್ಲ? ಕೊನೆಯದಾಗಿ, ಇದೇ ಪ್ರಶ್ನೆಯನ್ನು ನನ್ನ ಸಭೆಗೆ ಕೇಳಿದರೆ ಬರುವ ಉತ್ತರವನ್ನು ಪ್ರಸಂಗವೇದಿಕೆಯಿಂದ ಓದುವ ಧೈರ್ಯ ನನಗಿದೆಯೇ? ನಾಲ್ಕನೆಯದಕ್ಕೆ ಇಲ್ಲವೆಂದು ಉತ್ತರಿಸುವವನು ನೆರೆಯವರನ್ನು ಕುರಿತ ಅಂಕಿಯನ್ನೂ ಓದದಿರುವುದು ಲೇಸು.

ಫಿಲಿಪ್ಪನ ಕೈಸರೈಯದ ಪ್ರಾಂತ್ಯದಲ್ಲಿ ಕರ್ತನು ಶಿಷ್ಯರಿಗೆ ಮೊದಲು ಜನರ ಅಭಿಪ್ರಾಯವನ್ನೇ ಕೇಳಿದನು. ಅವರು ಕೊಟ್ಟ ವರದಿ ನಿಖರವಾಗಿಯೇ ಇತ್ತು: ಕೆಲವರು ಸ್ನಾನಿಕನಾದ ಯೋಹಾನನೆನ್ನುತ್ತಾರೆ, ಕೆಲವರು ಎಲೀಯನೆನ್ನುತ್ತಾರೆ, ಇನ್ನು ಕೆಲವರು ಪ್ರವಾದಿಗಳಲ್ಲೊಬ್ಬನೆನ್ನುತ್ತಾರೆ. ಆ ವರದಿಯನ್ನು ಅವನು ತಳ್ಳಿಹಾಕಲಿಲ್ಲ, ಹಾಗೆ ಹೇಳಿದ ಜನರನ್ನು ನಿಂದಿಸಲೂ ಇಲ್ಲ. ಎರಡನೆಯ ಪ್ರಶ್ನೆಯನ್ನು ಶಿಷ್ಯರ ಕಡೆಗೇ ತಿರುಗಿಸಿದನು. ಉಗ್ರವಾದದ ಈ ಕಾಲದಲ್ಲಿ ಸಮೀಕ್ಷೆಗಳು ಮೊದಲ ಪ್ರಶ್ನೆಯನ್ನು ನಮ್ಮ ಪರವಾಗಿ ಸಾಕಷ್ಟು ಕೇಳುತ್ತಿವೆ. ನಿರಾಯುಧರನ್ನು ಕೊಲ್ಲುವುದಕ್ಕೆ ನೀವು ಸಮ್ಮತಿಸುತ್ತೀರಾ, ನೆರೆಮನೆಯಲ್ಲಿ ಯಾರಿರಬಹುದೆಂದು ನೀವು ತೀರ್ಮಾನಿಸಿದ್ದೀರಿ ಎಂಬ ಎರಡನೆಯ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಕೇಳಬೇಕಾದ ಸೇವೆ ನಮ್ಮದು.